ಹೆದರಿದ ಮುಖ ಸಿಟ್ಟಾಗಿ ಕಂಡರೆ

ಪ್ರಶ್ನೆ: ನಮ್ಮ ಯಜಮಾನರು 14 ವರ್ಷ ಕುಡಿದವರು. ವ್ಯಸನಮುಕ್ತಿ ಕೇಂದ್ರದಲ್ಲಿ ಒಂದು ತಿಂಗಳಿದ್ದು ಬಂದಿದ್ದಾರೆ. ಈಗ ಎರಡೂವರೆ ತಿಂಗಳಾಯಿತು, ಮುಟ್ಟಿಲ್ಲ. ಅಲ್ಲಿ ಬರೀ ಕಣ್ಣುಗಳ ಫೋಟೊ ತೋರಿಸಿ, ಇವರ ಮನಸ್ಸಲ್ಲಿ ಏನಿದೆ ಎಂದು ಕೇಳಿದರಂತೆ. ಅರ್ಧಕ್ಕರ್ಧ ತಪ್ಪಾಯಿತಂತೆ. ಮೊನ್ನೆ ಅವರು ಬರುವುದು ತಡವಾಯಿತು. ನಾನು ಹೆದರಿ ಬಾಗಿಲಲ್ಲೇ ನಿಂತಿದ್ದೆ. ‘ಯಾಕೆ ಸಿಟ್ಟು? ನಂಬಿಕೆ ಇಲ್ವಾ?’ ಎಂದು ಊಟ ಬಿಟ್ಟು ಮಲಗಿದರು. ಇವರಿಗೆ ನನ್ನ ಮನಸ್ಸು ಯಾವತ್ತೂ ಅರ್ಥವಾಗುವುದಿಲ್ಲವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಬಾಗಿಲ ಬಳಿಯ ಆ ಮಾತನ್ನು ಎರಡು ಸಲ ಓದಿದೆ. 22 ವರ್ಷ ಇಂಥ ಕುಟುಂಬಗಳ ಜೊತೆ ಕೂತವಳು ನಾನು. ಇದೇ ಮಾತನ್ನು ಎಷ್ಟೋ ಹೆಂಗಸರು ಹೇಳಿದ್ದಾರೆ. ವರ್ಷಗಟ್ಟಲೆ ಕುಡಿದವರಲ್ಲಿ ಹಲವರಿಗೆ ಎದುರಿನವರ ಮುಖ ನೋಡಿ ಭಾವ ಗುರುತಿಸುವುದು ಕಷ್ಟವಾಗುತ್ತದೆ. ದುಃಖವೋ ಹೆದರಿಕೆಯೋ ಇರುವ ಮುಖವೂ ಸಿಟ್ಟಿನದಾಗಿ ಕಾಣುವುದುಂಟು. ಅವರು ಬೇಕೆಂದೇ ಹಾಗೆ ಮಾಡುತ್ತಾರೆ ಎಂದುಕೊಳ್ಳಬೇಡಿ.

ಇನ್ನು ಆ ಕಣ್ಣಿನ ಪರೀಕ್ಷೆ. ಅದನ್ನು ಮಾಡಿದವರು ಕೇಂಬ್ರಿಜ್‌ನ ಮನೋವಿಜ್ಞಾನಿ ಸೈಮನ್ ಬ್ಯಾರನ್-ಕೊಹೆನ್ ಮತ್ತು ಜೊತೆಯವರು. ಈಗ ಬಳಕೆಯಲ್ಲಿರುವುದು 2001ರ ರೂಪ. 36 ಫೋಟೊ, ಒಂದೊಂದಕ್ಕೂ ನಾಲ್ಕು ಪದ. ಸರಿಯಾದ ಪದ ಆರಿಸಬೇಕು. ಆಟಿಸಂ, ಅಂದರೆ ಹುಟ್ಟಿನಿಂದಲೇ ಬೇರೆಯವರ ಜೊತೆ ಬೆರೆಯುವುದು ಕಷ್ಟವಾಗುವ ಸ್ಥಿತಿ, ಇರುವ ದೊಡ್ಡವರಿಗಾಗಿ ಮಾಡಿದ್ದು ಅದು. ಫೋಟೊಗಳೆಲ್ಲ ಅಲ್ಲಿನ ಪತ್ರಿಕೆಗಳಿಂದ ತೆಗೆದವು, ನಮ್ಮ ಸಂತೆಯಲ್ಲಿ ಕಾಣುವ ಮುಖಗಳಲ್ಲ. ಪದಗಳೂ ಸುಲಭದವಲ್ಲ. ಆತಂಕ, ಕಳವಳ, ಗಾಬರಿ, ಇವುಗಳ ನಡುವಿನ ಸಣ್ಣ ವ್ಯತ್ಯಾಸ ಎಲ್ಲರಿಗೂ ಹೊಳೆಯುತ್ತದಾ? ಆ 2001ರ ಅಧ್ಯಯನದಲ್ಲೇ ಸಾಮಾನ್ಯ ಜನ ಪಡೆದದ್ದು ಸರಾಸರಿ 26ರಷ್ಟು. ನಿಮ್ಮವರಿಗೆ 18 ಬಂದಿದ್ದರೆ ಅದು ಕಡಿಮೆಯೇ. ಆದರೆ ಅದನ್ನು 36ರ ಪಕ್ಕ ಇಟ್ಟು ನೋಡಬೇಡಿ.

ಪರೀಕ್ಷೆ ಯಾವ ದಿನ ಮಾಡಿದರು ಎಂದು ಕೇಳಿದಿರಾ? ನನಗೆ ಇದೇ ಮುಖ್ಯ. ಕುಡಿತ ಬಿಟ್ಟ ಮೊದಲ ವಾರಗಳಲ್ಲಿ ಕೈ ನಡುಕ, ನಿದ್ದೆ ಇಲ್ಲ, ಮೇಲಿಂದ ಮಾತ್ರೆಯ ಮಂಪರು. ಆಗ ಮಾಡಿದ ಪರೀಕ್ಷೆಯನ್ನು ಈಗಿನ ಮನುಷ್ಯನ ಲೆಕ್ಕಕ್ಕೆ ಹಿಡಿಯಬಾರದು. ಬಿಟ್ಟು ತಿಂಗಳುಗಳು ಕಳೆದಂತೆ ಗಮನ, ನೆನಪು ಎಷ್ಟೋ ಸುಧಾರಿಸುತ್ತವೆ. ಭಾವ ಗುರುತಿಸುವುದು ಕೆಲವರಲ್ಲಿ ಇನ್ನೂ ನಿಧಾನ.

ಎದುರಿನವರ ಮನಸ್ಸು ಅರ್ಥವಾಗುತ್ತದಾ ಎಂದು ನೋಡಲು ಫೋಟೊಗಿಂತ ನನಗೆ ಕಥೆಯ ಪರೀಕ್ಷೆ ಜಾಸ್ತಿ ಇಷ್ಟ. ಮದುವೆ ಊಟದಲ್ಲಿ ಒಬ್ಬರು ‘ಸಾರಿಗೆ ಉಪ್ಪೇ ಇಲ್ಲ’ ಎನ್ನುತ್ತಾರೆ. ಪಕ್ಕದ ಎಲೆಗೆ ಕೂತವರು ಅಡುಗೆ ಭಟ್ಟರ ಅಣ್ಣ. ಆಡಬಾರದ ಮಾತು ಆಡಿದ್ದು ಯಾರು? ಅವರಿಗೆ ಗೊತ್ತಿತ್ತಾ? ಅಣ್ಣನಿಗೆ ಏನನ್ನಿಸಿತು? ಹೀಗೆ ಕೇಳುತ್ತಾರೆ. ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವವರಿಗಾಗಿ ನಮ್ಮ ಜನಕ್ಕೆ ಒಗ್ಗುವ ಇಂಥ ಪರೀಕ್ಷೆಗಳನ್ನು ಸಿದ್ಧಮಾಡಿ 2011ರಲ್ಲಿ ಪ್ರಕಟಿಸಿದರು. ಹೆಸರು ‘ಸಾಕ್ರಟಿಸ್’.

ಮನೆಯಲ್ಲಿ ಇಷ್ಟು ಮಾಡಿ. ಮುಖ ನೋಡಿ ತಿಳಿದುಕೊಳ್ಳಲಿ ಎಂದು ಸದ್ಯಕ್ಕೆ ಕಾಯಬೇಡಿ. ‘ಸಿಟ್ಟಲ್ಲ, ಹೆದರಿಕೆಯಾಯಿತು’ ಎಂದು ಬಾಯಿಬಿಟ್ಟು ಹೇಳಿ. ‘ಸಿಟ್ಟಾ, ಬೇಜಾರಾ?’ ಎಂದು ಅವರೂ ಕೇಳಿ ರೂಢಿ ಮಾಡಿಕೊಳ್ಳಲಿ. ಮೊದಮೊದಲು ನಾಟಕ ಅನ್ನಿಸುತ್ತದೆ, ಪರವಾಗಿಲ್ಲ. ಆದರೆ ನಿಮ್ಮ ಹೆದರಿಕೆ ಹೊಡೆತದ್ದಾದರೆ ವಿಷಯವೇ ಬೇರೆ. ಅದಕ್ಕೆ ಯಾವ ಪರೀಕ್ಷೆಯ ಅಂಕವೂ ನೆಪವಾಗಬಾರದು. ಆಗ ಮೊದಲು ನಿಮ್ಮ ತವರಿಗೋ ನಂಬಿಕೆಯವರಿಗೋ ತಿಳಿಸಿ.

ಮುಂದಿನ ಸಲ ಅವರು ತೋರಿಸಿಕೊಳ್ಳಲು ಹೋದಾಗ ನೀವೂ ಜೊತೆಗೆ ಹೋಗಿ. ಬಾಗಿಲ ಬಳಿ ನಡೆದದ್ದನ್ನು ಅವರ ಎದುರಿಗೇ ವೈದ್ಯರಿಗೆ ಹೇಳಿ. ಅಷ್ಟರೊಳಗೆ ಮನಸ್ಸು ತೀರಾ ಭಾರವಾದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.