ಹಳೇ ಎಕನಾಮಿಕ್ಸ್ ಓದಿ ಈಗ ಏನ್ ಉಪಯೋಗ?

ಪ್ರಶ್ನೆ: ಮಗಳು ಬಿಎ ಎಕನಾಮಿಕ್ಸ್ ಓದ್ತಿದ್ದಾಳೆ. ಅದ್ರಲ್ಲಿ ಆರ್ಥಿಕ ಚಿಂತನೆಯ ಇತಿಹಾಸ ಅಂತ ಒಂದು ಪೇಪರ್, ಬರೀ ಇನ್ನೂರು ವರ್ಷ ಹಿಂದಿನವರ ವಿಚಾರ. ಅದು ಬಿಟ್ಟು ಕಂಪ್ಯೂಟರ್, ಡೇಟಾ ಕಲಿ ಅಂತೀನಿ, ಅವಳು ಕೇಳ್ತಿಲ್ಲ. ನೀವೇನ್ ಹೇಳ್ತೀರ?
– ಓದುಗರು, ಗೋಣಿಕೊಪ್ಪ

ಉತ್ತರ: ಡೇಟಾನೂ ಕಲೀಲಿ, ಆದ್ರೆ ದಯವಿಟ್ಟು ಆ ಪೇಪರ್ ಬಿಡಿಸ್ಬೇಡಿ.

ನೀವು ಗೋಣಿಕೊಪ್ಪದವರು, ಮೆಣಸಿನ ವಿಷಯಾನೇ ತಗೊಳ್ಳಿ. ವಿಯೆಟ್ನಾಂ ಮೆಣಸು ಶ್ರೀಲಂಕಾ ಮೂಲಕ ಬಂದು ನಮ್ಮ ರೇಟ್ ಬೀಳಿಸ್ತಿದೆ ಅಂತ ಬೆಳೆಗಾರರು ಗಲಾಟೆ ಮಾಡಿ, 2017ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕೆಜಿಗೆ 500 ರೂಪಾಯಿ ಅಂತ ಕನಿಷ್ಠ ಬೆಲೆ ಕಟ್ತು ನೋಡಿ, ಇಂಥ ಮಾತು ಬಂದಾಗೆಲ್ಲ ಆಮದು ತಡೀಬಾರ್ದು, ವ್ಯಾಪಾರ ಮುಕ್ತವಾಗಿದ್ರೆ ಎರಡೂ ದೇಶಕ್ಕೆ ಲಾಭ ಅನ್ನೋರು ಇದ್ದೇ ಇರ್ತಾರೆ. ಆ ವಾದದ ಬೇರು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಬರೆದ ಪುಸ್ತಕದಲ್ಲಿದೆ. ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್ಲಿನ ವೈನ್ ಅವನ ಉದಾಹರಣೆ, ಎರಡನ್ನೂ ಪೋರ್ಚುಗಲ್ಲೇ ಕಮ್ಮಿ ದುಡಿಮೇಲಿ ಮಾಡಿದ್ರೂ ಅದರ ಮೇಲುಗೈ ವೈನಲ್ಲೇ ಹೆಚ್ಚು, ಅದಕ್ಕೇ ಅದು ವೈನ್ ಮಾಡಿ ಇಂಗ್ಲೆಂಡಿಂದ ಬಟ್ಟೆ ಕೊಳ್ಳೋದೇ ಲಾಭ ಅಂತಾನೆ. ಆದ್ರೆ ಬಂಡವಾಳ ದೇಶ ಬಿಟ್ಟು ಸುಲಭಕ್ಕೆ ಹೋಗಲ್ಲ ಅನ್ನೋ ಮಾತೂ ಅಲ್ಲೇ ಇದೆ. ಇವತ್ತು ದುಡ್ಡು ಒಂದು ಗಳಿಗೇಲಿ ದೇಶ ದಾಟುತ್ತೆ, ಸಿಲ್ವರ್ ಓಕ್‌ಗೆ ಹಬ್ಬಿಸಿದ ಮೆಣಸಿನ ಬಳ್ಳಿ ಮಾತ್ರ ಫಸಲು ಕೊಡೋಕೇ ಮೂರ್ನಾಲ್ಕು ವರ್ಷ ಬೇಕು, ಅದನ್ನ ಕಿತ್ತು ನಾಳೆ ಬೇರೆ ಬೆಳೆ ಅಂದ್ರೆ ಆಗುತ್ತಾ? ವಾದ ತಪ್ಪು ಅಂತ ನಾನು ಹೇಳ್ತಿಲ್ಲ. ಅದು ಯಾವ ಷರತ್ತಿನ ಮೇಲೆ ನಿಂತಿದೆ ಅಂತ ಮೂಲ ಓದಿದವರಿಗೇ ಗೊತ್ತಾಗೋದು.

ಇನ್ನೊಂದು, ಇದು ನಮ್ಮನೇದೇ. 1994ರಲ್ಲಿ ಬ್ರೆಜಿಲಲ್ಲಿ ಕೊರೆಯೋ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡ ಹಾಳಾಗಿ ಕಾಫಿ ರೇಟ್ ಏರ್ತಲ್ಲ, ಆಗ ಅಪ್ಪ ಇದ್ದಬದ್ದ ಜಾಗಕ್ಕೆಲ್ಲ ರೋಬಸ್ಟಾ ಕಾಫಿ ಹಾಕಿಸಿದ್ರು. ಎಲ್ರೂ ಹಾಕಿದ್ರು, ವಿಯೆಟ್ನಾಂನವರಂತೂ ಸಿಕ್ಕಾಪಟ್ಟೆ ಹಾಕಿದ್ರು. ಗಿಡ ಫಸಲಿಗೆ ಬಂದು 2001ರ ಹೊತ್ತಿಗೆ ರೇಟ್ ನೆಲ ಕಚ್ಚಿತ್ತು, ಕಣದಲ್ಲಿ ಒಣಗೋಕೆ ಹಾಕಿದ ಕಾಫಿ ಹಣ್ಣು ತಿರುವ್ತಾ ಅಪ್ಪ ಕುಯ್ದ ಕೂಲೀನೂ ಹುಟ್ಟಲ್ಲ ಅಂದಿದ್ದು ಈಗ್ಲೂ ಕಿವೀಲಿದೆ. ಬೆಲೆ ಏರಿದಾಗ ನೆಡೋದು, ಫಸಲೆಲ್ಲ ಒಟ್ಟಿಗೆ ಬಂದು ಬೆಲೆ ಬೀಳೋದು, ಬೇಸತ್ತು ಕೈಬಿಟ್ಟ ಮೇಲೆ ಮತ್ತೆ ಏರೋದು, ಇದನ್ನ ಗೆರೆ ಎಳೆದು ತೋರಿಸಿದ್ರೆ ಜೇಡರ ಬಲೆ ಥರ ಕಾಣುತ್ತೆ. ಆ ಹೆಸರು ಕೊಟ್ಟವನು ನಿಕೋಲಸ್ ಕಾಲ್ಡೋರ್ ಅನ್ನೋ ಅರ್ಥಶಾಸ್ತ್ರಜ್ಞ, 1934ರಲ್ಲಿ. ಅಪ್ಪನಿಗೆ ಇದನ್ನ ಹೇಳೋರು ಯಾರೂ ಇರ್ಲಿಲ್ಲ.

ರೇಟ್ ಚೆನ್ನಾಗಿದೆ ಅಂತ ಗದ್ದೇಗೂ ಕಾಫಿ ಹಾಕೋ ಯೋಚನೆ ನಿಮಗಿದ್ರೆ, ಮೊದ್ಲು ಮಗಳ ಹತ್ರ ಆ ಬಲೆ ಚಿತ್ರ ಬರೆಸಿ, ಪಕ್ಕದಲ್ಲಿ ಕೂತು ನೋಡಿ.