ಪ್ರತಿಕ್ರಿಯೆ: ಮಂಡಿ ನೋವಿದ್ದರೆ ನಡೆಯದೆ ತೂಕ ಇಳಿಸೋದು ಹೇಗೆ?

ಮಂಡಿ ನೋವಿಂದ ಅಮ್ಮನಿಗೆ ನಡೆಯೋಕಾಗಲ್ಲ, ದಿನಕ್ಕೆ 1,000 ಕ್ಯಾಲೊರಿ ಮಾತ್ರ ತಿಂದರೂ ತೂಕ 86 ಕೆಜಿಯಿಂದ ಇಳಿಯುತ್ತಿಲ್ಲ, ಊಟ 700 ಕ್ಯಾಲೊರಿಗೆ ಇಳಿಸಲಾ ಅಂತ ಕೇಳಿದ್ದೀರಿ. ಬೇಡ. ಅಷ್ಟು ಕಡಿಮೆ ಊಟ ಡಾಕ್ಟರ್ ಕಣ್ಣೆದುರಿಗೇ ಆಗಬೇಕು. ಶುಗರ್ ಮಾತ್ರೆ ಇದ್ದರಂತೂ ಕೇಳದೆ ಕೈ ಹಾಕಬೇಡಿ.

ಮೊದಲು ಆ 1,000 ನಿಜವಾ ನೋಡಿ. ನಾನೂ ಕೊಡಗಿನ ವಿರಾಜಪೇಟೆ ಕಡೆಯವನು, ನನ್ನದೂ ಇದೇ ಕತೆ. ಎರಡೇ ಅಕ್ಕಿ ರೊಟ್ಟಿ ಅಂತ ಬರೆದುಕೊಳ್ಳುತ್ತಿದ್ದೆ, ಮೇಲೆ ಸವರಿದ ತುಪ್ಪ ಲೆಕ್ಕಕ್ಕೇ ಇರಲಿಲ್ಲ. ಒಂದು ಟೀ ಚಮಚ ತುಪ್ಪ ಅಂದರೆ ಸುಮಾರು 45 ಕ್ಯಾಲೊರಿ. ಮಳೆಗಾಲದಲ್ಲಿ ದಿನಕ್ಕೆ ಐದು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ. ಅಲ್ಲೇ 160! ಪಂದಿ ಕರಿಯ (ಹಂದಿ ಮಾಂಸದ ಪಲ್ಯ) ಕೊಬ್ಬಿನ ತುಂಡುಗಳ ಮಾತು ಬಿಡಿ. ಒಂದು ವಾರ ಸುಮ್ನೆ ಎಲ್ಲವನ್ನೂ ತೂಗಿ ಬರೆಯಿರಿ.

ಕಡಂಬುಟ್ಟು (ಅಕ್ಕಿ ಕಡುಬು) ಬಿಡಿಸಬೇಡಿ, ನಾಲ್ಕರ ಬದಲು ಎರಡು ಸಾಕು. ಮೊಟ್ಟೆ, ಮೀನು, ಕಾಳು ಜಾಸ್ತಿ ಇರಲಿ. ಪ್ರೋಟೀನ್ ಕಮ್ಮಿಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಆಮೇಲೆ ಮಂಡಿಗೆ ಆಸರೆ ಎಲ್ಲಿ?

ತೋಟದ ಏರು ಹತ್ತಿಸಬೇಡಿ. ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಚಾಚಿ, ಐದು ಎಣಿಸಿ, ನಿಧಾನ ಇಳಿಸಲಿ. ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಇದರಿಂದ ತೂಕವೇನೂ ಇಳಿಯಲ್ಲ, ತೊಡೆ ಗಟ್ಟಿಯಾಗುತ್ತದೆ. ಮೈತೂಕ 1 ಕೆಜಿ ಇಳಿದರೆ ಹೆಜ್ಜೆ ಹೆಜ್ಜೆಗೂ ಮಂಡಿಯ ಹೊರೆ ಸುಮಾರು 4 ಕೆಜಿ ಕಮ್ಮಿ. ತಿಂಗಳಿಗೆ ಎರಡು ಕೆಜಿ ಇಳಿದರೂ ಒಳ್ಳೆಯದೇ ಅಲ್ವಾ?

ಮಂಡಿ ಊದಿ ಬಿಸಿಯಾಗಿದ್ದರೆ ಇದೆಲ್ಲ ಬಿಟ್ಟು ಮೊದಲು ತೋರಿಸಿ. ಅಂದ ಹಾಗೆ, ತೂಕ ಇಳಿಯದಿರೋಕೆ ಥೈರಾಯ್ಡ್ ಕೂಡ ಕಾರಣ ಇರಬಹುದು, ಅದರ ಪರೀಕ್ಷೆ ಮಾಡಿಸಿದ್ದೀರಾ?