ಸೈಪ್ರಸ್‌ನಲ್ಲಿ ಕಿಲೋಮೀಟರ್ ನೋಡಿ ಕೋಟೆ ಎಣಿಸಬೇಡಿ

ದಕ್ಷಿಣ ಕರಾವಳಿಯ ಲಿಮಾಸೋಲ್‌ನಲ್ಲಿ ಉಳಿದುಕೊಂಡು ಬಾಡಿಗೆ ಕಾರಿನಲ್ಲಿ ಮೂರು ದಿನಕ್ಕೆ ಐದು ಕೋಟೆ ನೋಡಬಹುದೇ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನನ್ನ ಚೀಟಿಯಲ್ಲೂ ಇದೇ ಹೆಸರುಗಳಿದ್ದವು: ಕೊಲೊಸ್ಸಿ, ಸೇಂಟ್ ಹಿಲೇರಿಯನ್, ಬುಫಾವೆಂಟೊ, ಕಾಂಟಾರಾ, ಫಮಗುಸ್ತಾ. ಜೊತೆಯಲ್ಲಿ ಅಪ್ಪ ಇದ್ದರು. ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದ ಮೇಷ್ಟ್ರು.

ಮೊದಲ ದಿನ ಬೆಳಿಗ್ಗೆ ಕೊಲೊಸ್ಸಿ. ಹಾಸ್ಪಿಟಲರ್ ಎಂಬ ಕ್ರೈಸ್ತ ಪಂಥದ ಯೋಧರು 1454ರಲ್ಲಿ ಮರಳಿ ಕಟ್ಟಿಸಿದ ಮೂರಂತಸ್ತಿನ ಚೌಕ ಗೋಪುರ, ಪಕ್ಕದಲ್ಲಿ ಅವರ ಸಕ್ಕರೆ ಗಿರಣಿಯ ಗೋಡೆಗಳು. ಅಪ್ಪ ಅಲ್ಲಿಂದ ಏಳುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಉತ್ತರದ ಬೆಟ್ಟದ ಮೇಲಿರುವ ಸೇಂಟ್ ಹಿಲೇರಿಯನ್‌ಗೆ ಸುಮಾರು 125 ಕಿಲೋಮೀಟರ್, ಎರಡು ಗಂಟೆಯ ದಾರಿ ಎಂದು ಲೆಕ್ಕ ಹಾಕಿದೆ.

ನಾನು ಎಡವಿದ್ದು ಇಲ್ಲೇ. 1974ರಿಂದ ದಕ್ಷಿಣದ ಗ್ರೀಕ್ ಭಾಗ, ಉತ್ತರದ ತುರ್ಕಿ ಭಾಗ ಎಂದು ಇಬ್ಭಾಗವಾಗಿರುವ ದ್ವೀಪವನ್ನು ಒಂದೇ ಊರಿನಂತೆ ಅಳೆದಿದ್ದೆ. ಗಡಿಯೇ ಸೀಳಿರುವ ರಾಜಧಾನಿ ನಿಕೋಸಿಯಾದಲ್ಲಿ ಫೋನು ನಮ್ಮನ್ನು ಲೆಡ್ರಾ ಬೀದಿಯ ಬಳಿಗೆ ತಂದು ಬಿಟ್ಟಿತು. ಅಲ್ಲಿ ಗಡಿ ದಾಟಲು ಕಾಲ್ನಡಿಗೆಯವರಿಗೆ ಮಾತ್ರ ಅವಕಾಶ. ಕಾರು ಬಿಡುವ ಆಯಿಯೋಸ್ ಡೊಮೆಟಿಯೋಸ್ ಠಾಣೆಯನ್ನು ಹುಡುಕಿ, ಸಾಲಿನಲ್ಲಿ ನಿಂತು, ಪಾಸ್‌ಪೋರ್ಟ್ ತೋರಿಸಿದ ಮೇಲೆ ತಿಳಿದದ್ದು, ದಕ್ಷಿಣದಲ್ಲಿ ಪಡೆದ ಕಾರಿನ ವಿಮೆ ಉತ್ತರದಲ್ಲಿ ನಡೆಯುವುದಿಲ್ಲ, ಅಲ್ಲೇ ಬೇರೆ ವಿಮೆ ಕೊಳ್ಳಬೇಕು ಎಂದು. ಕಾರು ಕೊಟ್ಟವರು ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ಇಷ್ಟಾದರೂ, ಮೊದಲು ನೋಡಬೇಕಾದ ಕೋಟೆಯನ್ನು ದಿನದ ಕೊನೆಗೆ ಇಟ್ಟುಕೊಳ್ಳದಿದ್ದರೆ ಏನೂ ಕೆಡುತ್ತಿರಲಿಲ್ಲ. ನಾವು ತಲುಪಿದಾಗ ಬಾಗಿಲು ಮುಚ್ಚಲು ಮುಕ್ಕಾಲು ಗಂಟೆ ಉಳಿದಿತ್ತು.

ಆ ಕೋಟೆ 732 ಮೀಟರ್ ಎತ್ತರದ ಶಿಖರಕ್ಕೆ ಮೂರು ಹಂತಗಳಲ್ಲಿ ಅಂಟಿಕೊಂಡಿದೆ: ಕೆಳಗೆ ಸೈನಿಕರ ನೆಲೆ, ನಡುವೆ ಪ್ರಾರ್ಥನಾಮಂದಿರ, ತುದಿಯಲ್ಲಿ, ವೆನಿಸ್‌ನವರಿಗಿಂತ ಮೊದಲು ದ್ವೀಪವನ್ನಾಳಿದ ಲೂಸಿನ್ಯಾನ್ ರಾಜವಂಶದ ವಸತಿ. ಗಡಿಬಿಡಿಯಲ್ಲಿ ಅಪ್ಪನನ್ನು ಹತ್ತಿಸಿದೆ. ಪ್ರಾರ್ಥನಾಮಂದಿರದವರೆಗೆ ಬಂದು, ಗೋಡೆಗೆ ಕೈಯೂರಿ ನಿಂತ ಅವರು "ಸಾಕು ಮಗಾ" ಎಂದರು. ಮರುದಿನ ಅವರ ಮಂಡಿ ಊದಿಕೊಂಡಿತ್ತು.

ಬೆಳಿಗ್ಗೆ ನಾನೊಬ್ಬನೇ ಮತ್ತೆ ಹತ್ತಿದೆ. ರಾಣಿಯ ಕಿಟಕಿ ಎಂದು ಕರೆಯುವ ಕಮಾನಿನ ಎರಡೂ ಬದಿಗೆ ಕಲ್ಲಿನ ಜಗಲಿಗಳಿವೆ. ಕುಳಿತರೆ ತೊಡೆಗೆ ತಣ್ಣಗೆ ತಾಗುತ್ತದೆ, ಕಣ್ಣೆದುರು ಇಳಿಜಾರಿನ ಹಳ್ಳಿ, ಅದರಾಚೆ ಸಮುದ್ರ. 1489ರಲ್ಲಿ ದ್ವೀಪವನ್ನು ಪಡೆದ ವೆನಿಸ್‌ನವರು ಕರಾವಳಿಯ ಕೋಟೆಗಳನ್ನು ಬಲಪಡಿಸಿ, ಬೆಟ್ಟದ ಈ ಕೋಟೆಗಳನ್ನು ಕೆಡವಿಸಿದ್ದೇಕೆಂದು ಅಪ್ಪ ವರ್ಷವರ್ಷವೂ ಪಾಠ ಮಾಡಿದ್ದರು. ಆ ಕೋಟೆಯ ತುದಿಯನ್ನು ಕಣ್ಣಾರೆ ಕಂಡವನು ನಾನು, ಅವರಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ಐದರ ಲೆಕ್ಕ ಬಿಡಿ. ಲಿಮಾಸೋಲ್ ಬೇಡ, ನಿಕೋಸಿಯಾದಲ್ಲಿ ಉಳಿಯಿರಿ. ಬೆಳಿಗ್ಗೆ ಲೆಡ್ರಾ ಬೀದಿಯಲ್ಲಿ ನಡೆದೇ ದಾಟಿ, ಆಚೆ ಟ್ಯಾಕ್ಸಿ ಹಿಡಿದು, ಬಾಗಿಲು ತೆರೆಯುವ ಹೊತ್ತಿಗೆ ಸೇಂಟ್ ಹಿಲೇರಿಯನ್ ತಲುಪಿ. ದಾರಿ ಸೈನ್ಯದ ಪ್ರದೇಶದ ಮೂಲಕ ಹೋಗುವುದರಿಂದ ನಡುವೆ ನಿಂತು ಫೋಟೋ ತೆಗೆಯಬೇಡಿ. ಮಧ್ಯಾಹ್ನ ಕೆಳಗಿಳಿದು ಉತ್ತರ ಕರಾವಳಿಯ ಕೈರೇನಿಯಾ ಕೋಟೆಯೊಳಗೆ ಇಟ್ಟಿರುವ, ಕ್ರಿಸ್ತಪೂರ್ವ 4ನೇ ಶತಮಾನದ ಹಡಗನ್ನು ನೋಡಿ. ಬುಫಾವೆಂಟೊ, ಕಾಂಟಾರಾ ಇನ್ನೊಮ್ಮೆ ಹೋದಾಗ ಆಗಲಿ. ಹಿರಿಯರು ಜೊತೆಗಿದ್ದರೆ ಸೇಂಟ್ ಹಿಲೇರಿಯನ್‌ಗೇ ಮೂರು ಗಂಟೆ ಮೀಸಲಿಡಿ, ಮೆಟ್ಟಿಲುಗಳನ್ನು ಅವರ ನಡಿಗೆಗೆ ತಕ್ಕಂತೆ ಹತ್ತಿ.